41ರಲ್ಲಿ ಚಲನಶೀಲ ಶಿಲ್ಪ ಶುರುಮಾಡಬಹುದೇ, ಅದೂ ಕೊಡಗಿನಲ್ಲೇ ಇದ್ದುಕೊಂಡು?

ಮೇಷ್ಟ್ರೇ, ನಮಸ್ಕಾರ. ವಿರಾಜಪೇಟೆ ಕಡೆಯ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಪಾಠ ಮಾಡುತ್ತಿದ್ದೀರಿ, ವಯಸ್ಸು 41. ಇಷ್ಟು ವರ್ಷ ಚೌಕ, ವೃತ್ತ, ಗೆರೆಗಳಲ್ಲೇ ಚಿತ್ರ ಮಾಡಿದ್ದೀರಿ, ಈಗ ಅವು ಗಾಳಿಗೆ ಚಲಿಸಬೇಕು ಅನ್ನಿಸಿದೆ. ಹೋಂಸ್ಟೇ ನಡೆಸುವವರೊಬ್ಬರು ಅಂಗಳಕ್ಕೆ ಅಂಥದ್ದೊಂದು ಮಾಡಿಕೊಡಿ ಎಂದೂ ಕೇಳಿದ್ದಾರೆ. ತಡವಾಯಿತೇ, ಬೆಂಗಳೂರಿಗೇ ಹೋಗಬೇಕೇ, ಮೊದಲು ಏನು ಕಲಿಯಬೇಕು ಎಂಬುದು ನಿಮ್ಮ ಪ್ರಶ್ನೆ.

ತಡವಾಗಿಲ್ಲ. ಹೋಗಬೇಕಾಗಿಯೂ ಇಲ್ಲ. ಮೂರನೆಯದಕ್ಕೆ ಉತ್ತರ ಉದ್ದವಿದೆ. ಒಂದೇ ಮಾತಲ್ಲಿ ಹೇಳುವುದಾದರೆ, ಅಚ್ಚನ್ನು, ಅಂದರೆ ಕೃತಿ ತಿರುಗುವ ಕೀಲನ್ನು ಕಲಿಯಿರಿ. ಆಕಾರ ನಿಮಗೆ ಆಗಲೇ ಬರುತ್ತದೆ. ಆ ಆಕಾರ ಯಾವುದರ ಮೇಲೆ ಕೂತು ಆಡುತ್ತದೋ ಆ ಬೆರಳುದ್ದದ ಜಾಗ ಸರಿಯಿದ್ದರೆ ಕೃತಿ ಹತ್ತು ವರ್ಷ ಚಲಿಸುತ್ತದೆ, ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ನಿಲ್ಲುತ್ತದೆ. ನಿಂತುಹೋದ ಕೃತಿ ನೋಡಿದವರು ಇನ್ನೊಂದು ಮಾಡಿಸುವುದಿಲ್ಲ.

ವಯಸ್ಸಿನ ಮಾತಿಗೆ, ಗಾಳಿಗೆ ಚಲಿಸುವ ಶಿಲ್ಪಗಳಿಗೆ ಹೆಸರಾದ ಜಾರ್ಜ್ ರಿಕಿಯವರನ್ನು ನೋಡಿ. 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಹುಟ್ಟಿದವರು. ಅಜ್ಜ ಗಡಿಯಾರ ಮಾಡುವವರು, ತಂದೆ ಸಿಂಗರ್ ಹೊಲಿಗೆ ಯಂತ್ರದ ಕಂಪನಿಯಲ್ಲಿ ಎಂಜಿನಿಯರ್. ತಂದೆಯ ಕೆಲಸದಿಂದಾಗಿ ಬಾಲ್ಯ ಸ್ಕಾಟ್ಲೆಂಡಿನಲ್ಲಿ ಕಳೆಯಿತು. ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಇತಿಹಾಸ, ಪ್ಯಾರಿಸ್‌ನಲ್ಲಿ ಆಂದ್ರೆ ಲೋತ್ ಅವರ ಬಳಿ ಕಲಿತದ್ದು ಚಿತ್ರಕಲೆ. ನಲವತ್ತರ ತನಕ ಅವರು ಚಿತ್ರಕಾರ ಮತ್ತು ಮೇಷ್ಟ್ರು, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗೆ ಸೇರಿ, ಬಾಂಬರ್ ವಿಮಾನಗಳ ಬಂದೂಕಿನ ಗೋಪುರಗಳಲ್ಲಿದ್ದ ಲೆಕ್ಕ ಹಾಕುವ ಉಪಕರಣಗಳ ನಿರ್ವಹಣೆ ನೋಡಿಕೊಂಡರು. ಗೇರು, ಬೇರಿಂಗು, ಸಮತೋಲ ಎಲ್ಲ ಕೈಗೆ ಹತ್ತಿದ್ದು ಅಲ್ಲಿ. ಮೊದಲ ಚಲನಶೀಲ ಶಿಲ್ಪಗಳನ್ನು ಮಾಡಿದಾಗ ಅವರಿಗೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು, 1940ರ ದಶಕದ ಕೊನೆ. ಜರ್ಮನಿಯ ಕಾಸೆಲ್‌ನಲ್ಲಿ 1964ರ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಎತ್ತರದ ಎರಡು ಉಕ್ಕಿನ ಅಲಗುಗಳು ಆಕಾಶದಲ್ಲಿ ನಿಧಾನವಾಗಿ ತೂಗುತ್ತ ನಿಂತಾಗ ಜಗತ್ತು ಅವರ ಹೆಸರು ಹಿಡಿಯಿತು. ಆಗ ಅವರಿಗೆ 57. ಅಲ್ಲಿಯವರೆಗೂ ಪಾಠ ಮಾಡುತ್ತಲೇ ಇದ್ದರು. ವರ್ಕ್‌ಶಾಪ್ ಇದ್ದದ್ದು ನ್ಯೂಯಾರ್ಕ್ ನಗರದಲ್ಲಲ್ಲ, ಅದೇ ರಾಜ್ಯದ ಈಸ್ಟ್ ಚಾಥಮ್ ಎಂಬ ಹಳ್ಳಿಗಾಡಿನಲ್ಲಿ. 2002ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಸಂಬಳದ ಕೆಲಸ ಬಿಡಬೇಡಿ ಎಂದು ನಾನು ಹೇಳುವುದೂ ಇದೇ ಕಾರಣಕ್ಕೆ. ವೆನಿಜುವೆಲಾದ ಕಲಾವಿದ ಹೆಸುಸ್ ರಫಾಯೆಲ್ ಸೋಟೊ 1950ರಲ್ಲಿ ಪ್ಯಾರಿಸ್‌ಗೆ ಹೋಗಿ ಎಷ್ಟೋ ವರ್ಷ ರಾತ್ರಿ ಗಿಟಾರ್ ನುಡಿಸಿ ಹೊಟ್ಟೆ ಹೊರೆದರು. 1955ರಲ್ಲಿ ಡೆನಿಸ್ ರೆನೆ ಗ್ಯಾಲರಿಯ ‘ಚಲನೆ’ ಪ್ರದರ್ಶನದಲ್ಲಿ ಕಾಲ್ಡರ್, ದ್ಯೂಶಾಂ, ವಾಸರೆಲಿ, ಟ್ಯಾಂಗ್ಲಿ ಎಂಬ ಕಲಾವಿದರ ಜೊತೆ ಸೋಟೊ ಕೃತಿಯೂ ಇತ್ತು, ಆದರೂ ಗಿಟಾರ್ ಬಿಡಲಾಗಲಿಲ್ಲ. ನಿಧಾನವಾಗಿ ಕೈಗೂಡುವ ಕಲೆ ಇದು. ಮೇಷ್ಟ್ರ ಕೆಲಸ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಈಗ ಅಚ್ಚಿನ ವಿಷಯ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನ ಹಳೇ ಗೇಟು ನೆನಪಿಸಿಕೊಳ್ಳಿ. ಉದ್ದನೆಯ ಕಂಬ, ಗಿಡ್ಡ ತುದಿಗೆ ಕಟ್ಟಿದ ಕಲ್ಲು, ಗಾರ್ಡ್ ಒಂದೇ ಕೈಯಲ್ಲಿ ಎತ್ತುತ್ತಾನೆ. ಹಿಂದಿನ ಕಾಲದ ಏತವೂ ಅದೇ ಲೆಕ್ಕ. ರಿಕಿಯವರ ಅಲಗು ಎಂದರೆ ಆ ಗೇಟನ್ನು ನೆಟ್ಟಗೆ ನಿಲ್ಲಿಸಿದ ಹಾಗೆ: ಅಚ್ಚಿನ ಮೇಲೆ ಉದ್ದನೆಯ ಮೊನಚು ಅಲಗು, ಅಚ್ಚಿನ ಕೆಳಗೆ ಗಿಡ್ಡ ಬಾಲ, ಬಾಲದೊಳಗೆ ಸೀಸ. ಕೆಳಗಿನ ಭಾರ ಮೇಲಿನದಕ್ಕಿಂತ ಒಂದು ಚೂರು ಹೆಚ್ಚು. ಎಷ್ಟು ಚೂರು ಎಂಬುದರಲ್ಲೇ ಇಡೀ ಕಲೆ ಇದೆ.

ಅಭ್ಯಾಸಕ್ಕೆ ಒಂದು ಅಲಗಿನ ಅಳತೆ ಕೊಡುತ್ತೇನೆ. 1 ಮಿ.ಮೀ. ಅಲ್ಯೂಮಿನಿಯಂ ತಗಡು. ಅಚ್ಚಿನ ಮೇಲೆ 120 ಸೆಂ.ಮೀ., ಅಚ್ಚಿನ ಬಳಿ 6 ಸೆಂ.ಮೀ. ಅಗಲ, ತುದಿಗೆ 1 ಸೆಂ.ಮೀ. ಅಚ್ಚಿನ ಕೆಳಗೆ 20 ಸೆಂ.ಮೀ. ಬಾಲ, ಅದು ಉದ್ದಕ್ಕೂ 6 ಸೆಂ.ಮೀ. ಅಗಲ. ಉದ್ದಕ್ಕೆ ನಡುವೆ ಒಂದು ಮಡಿಕೆ ಹಾಕಿಸಿ, ತೆರೆದ ಪುಸ್ತಕ ಬೋರಲು ಹಾಕಿದ ಹಾಗೆ. ಮಡಿಕೆ ಇಲ್ಲದ ತಗಡು ಬಳುಕುತ್ತದೆ, ಬಳುಕಿದಾಗ ಚಲನೆಯ ಬದಲು ನಡುಕ ಕಾಣುತ್ತದೆ. ಈ ಅಲಗಿನ ಮೇಲ್ಭಾಗ ಸುಮಾರು 113 ಗ್ರಾಂ ತೂಗುತ್ತದೆ, ಅದರ ಭಾರದ ನಡುಬಿಂದು ಅಚ್ಚಿನಿಂದ ಸುಮಾರು 45 ಸೆಂ.ಮೀ. ಮೇಲೆ ಬರುತ್ತದೆ. ಅಚ್ಚಿನಿಂದ 18 ಸೆಂ.ಮೀ. ಕೆಳಗೆ ಸೀಸ ಕಟ್ಟಿದರೆ, 270 ಗ್ರಾಂ ಹತ್ತಿರ ಎರಡೂ ಕಡೆ ಸಮ ಬೀಳುತ್ತದೆ.

ಮೊದಲು ಈ ಸಮಬಿಂದುವನ್ನೇ ಹುಡುಕಿ. ಕಿಟಕಿ ಬಾಗಿಲು ಹಾಕಿ, ಫ್ಯಾನ್ ಆರಿಸಿ, ಗಾಳದ ಅಂಗಡಿಯ ಸೀಸದ ಗುಂಡುಗಳನ್ನು ಟೇಪಿನಲ್ಲಿ ಅಂಟಿಸುತ್ತ ಹೋಗಿ. ಅಲಗನ್ನು ಎಲ್ಲಿ ಬಿಟ್ಟರೆ ಅಲ್ಲೇ ನಿಂತರೆ ಸಮ ಬಂತು ಎಂದರ್ಥ. ಅಲ್ಲಿಂದ 15 ಗ್ರಾಂ ಸೇರಿಸಿ, ಅಂದರೆ 285. ಈಗ ಬೆರಳಲ್ಲಿ ತಳ್ಳಿ ಬಿಟ್ಟರೆ ಹೋಗಿ ಬರಲು ಸುಮಾರು 8 ಸೆಕೆಂಡ್ ತೆಗೆದುಕೊಳ್ಳುತ್ತದೆ. 15ರ ಬದಲು 60 ಗ್ರಾಂ ಸೇರಿಸಿ 330 ಮಾಡಿದರೆ ಸುಮಾರು 4 ಸೆಕೆಂಡ್. ಹೆಚ್ಚುವರಿ ಭಾರವನ್ನು ನಾಲ್ಕು ಪಾಲು ಮಾಡಿ ಒಂದು ಪಾಲು ಉಳಿಸಿಕೊಂಡರೆ ತೂಗಾಟದ ಕಾಲ ಇಮ್ಮಡಿ, ಇದು ಗಡಿಯಾರದ ಲೋಲಕದ ಲೆಕ್ಕವೇ. 8 ಸೆಕೆಂಡಿನ ಅಲಗು ಉಸಿರಾಡಿದಂತೆ ಕಾಣುತ್ತದೆ. 2 ಸೆಕೆಂಡಿಗೆ ಇಳಿಸಿಬಿಟ್ಟರೆ ಬಸ್ಸಿನ ವೈಪರ್. ಹೊಸಬರು ಅಲಗು ಬಿದ್ದೀತು ಎಂಬ ಹೆದರಿಕೆಗೆ ಸೀಸ ತುಂಬುತ್ತ ಹೋಗಿ ವೈಪರ್ ಮಾಡಿಕೊಳ್ಳುತ್ತಾರೆ. ಅತಿ ಸಾಮಾನ್ಯ ತಪ್ಪು ಇದೇ.

ಎರಡನೇ ತಪ್ಪು ಬಣ್ಣ. ಸಮತೋಲ ಎಲ್ಲ ಮುಗಿಸಿ, ಕೊನೆಗೆ ಚೆಂದಕ್ಕೆ ಎರಡೂ ಬದಿಗೆ ಎರಡೆರಡು ಕೋಟು ಬಣ್ಣ ಹೊಡೆಯುತ್ತಾರೆ. ಅಷ್ಟು ಬಣ್ಣ ಒಣಗಿದ ಮೇಲೆ 6 ಗ್ರಾಂ ಆದರೂ ಇರುತ್ತದೆ. ನೀವು ಹೆಚ್ಚುವರಿಯಾಗಿ ಕಟ್ಟಿದ 15 ಗ್ರಾಂ ಅಚ್ಚಿಗಿಂತ 18 ಸೆಂ.ಮೀ. ಕೆಳಗಿದೆ, ಬಣ್ಣದ 6 ಗ್ರಾಂ ಸರಾಸರಿ 45 ಸೆಂ.ಮೀ. ಮೇಲಿದೆ. ಗುಣಿಸಿ ನೋಡಿ, ಎರಡೂ ಒಂದೇ. ಅಲಗು ತಲೆಕೆಳಗಾಗಲು ಅಷ್ಟು ಸಾಕು. ಆದ್ದರಿಂದ ಮೊದಲು ಬಣ್ಣ, ಆಮೇಲೆ ಸೀಸ. ನಮ್ಮ ಕಡೆಯ ಮಂಜೂ ಹಾಗೇ ಮಾಡುತ್ತದೆ. ಬೆಳಿಗ್ಗೆ ತಗಡಿನ ಮೇಲೆ ಕೂತ ಹನಿಯೂ ಕೆಲವು ಗ್ರಾಂ ತೂಗುತ್ತದೆ, ಮನೆಯೊಳಗೆ 8 ಸೆಕೆಂಡಿಗೆ ಹೊಂದಿಸಿದ ಅಲಗು ಅಂಗಳದಲ್ಲಿ ಮಂಜಿನ ದಿನ ವಾಲಿಕೊಂಡೇ ನಿಲ್ಲುತ್ತದೆ. ಮುಚ್ಚಿದ ಜಗಲಿಗೆ 285, ತೆರೆದ ಅಂಗಳಕ್ಕೆ 330 ಅಂತ ಇಟ್ಟುಕೊಳ್ಳಿ.

ಬೇರಿಂಗಿಗೆ 608 ಎಂದು ಕೇಳಿ. ಸ್ಕೇಟಿಂಗ್ ಚಕ್ರದಲ್ಲಿರುವುದೇ ಅದು, ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22. ಎರಡು ಹಾಕಿ, ನಡುವೆ 3-4 ಸೆಂ.ಮೀ. ಅಂತರ ಇರಲಿ. ಒಂದೇ ಹಾಕಿದರೆ ಅಲಗು ಮುಂದಕ್ಕೂ ಹಿಂದಕ್ಕೂ ತೊನೆಯುತ್ತದೆ. ಅಂಗಡಿಯಿಂದ ತಂದಾಗ ಒಳಗೆ ದಪ್ಪ ಗ್ರೀಸ್ ಇರುತ್ತದೆ, ಮೋಟಾರಿಗೆ ಅದು ಸರಿ, ಎಳೆಗಾಳಿಗೆ ಅಡ್ಡಿ. ಪೆಟ್ರೋಲಿನಲ್ಲಿ ಅಲ್ಲ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹೊಲಿಗೆ ಮಿಷಿನ್ ಎಣ್ಣೆ ಎರಡು ಹನಿ ಬಿಡಿ. ಗ್ರೀಸ್ ಹೋದರೆ ತುಕ್ಕಿಗೆ ದಾರಿಯಾಗುತ್ತದೆ, ಹಾಗಾಗಿ ಹೊರಗಿಡುವ ಕೃತಿಗೆ ಸ್ಟೇನ್‌ಲೆಸ್ ಬೇರಿಂಗೇ ಬೇಕು, ಜೊತೆಗೆ ಮೇಲೆ ಕೊಡೆಯಂಥ ಒಂದು ತಗಡಿನ ಮುಚ್ಚಳ. ರಿಕಿಯವರು ಎಷ್ಟೋ ಕೃತಿಗಳಲ್ಲಿ ತಕ್ಕಡಿಯ ಹಾಗೆ ಚೂಪು ಅಂಚಿನ ಮೇಲೆ ಭಾರ ಕೂರಿಸಿದ್ದಾರೆ. ಅದರಲ್ಲಿ ಘರ್ಷಣೆ ಬಹಳ ಕಡಿಮೆ, ನೀರು ನಿಲ್ಲುವುದಿಲ್ಲ. ಆದರೆ ಬಿರುಗಾಳಿಗೆ ಎದ್ದು ಜಾರದಂತೆ ಮೇಲೊಂದು ತಡೆಪಿನ್ನು ಹಾಕಬೇಕು, ಅಂಚು ಗಟ್ಟಿ ಉಕ್ಕಿನದೇ ಆಗಬೇಕು. ಮೊದಲ ಕೃತಿಗೆ ಅದರ ಸಹವಾಸ ಬೇಡ.

ಅಚ್ಚು ಕಡೆದು ಬೇರಿಂಗ್ ಕೂರಿಸುವ ಈ ಲೇತ್ ಕೆಲಸಕ್ಕೆ ಬೆಂಗಳೂರು ಏಕೆ ಬೇಕು? ಗೋಣಿಕೊಪ್ಪ, ಕುಶಾಲನಗರದಲ್ಲಿ ಕಾಫಿ ಪಲ್ಪರ್, ಪಂಪ್‌ಸೆಟ್ ರಿಪೇರಿ ಮಾಡುವವರಿಗೆ ಶಾಫ್ಟು, ಬೇರಿಂಗು ದಿನನಿತ್ಯದ ಮಾತು. ಕಾಫಿ ಕುಯ್ಲಿನ ಸಮಯ ಬಿಟ್ಟು ಹೋಗಿ, ಡಿಸೆಂಬರಿನಿಂದ ಫೆಬ್ರವರಿವರೆಗೆ ಅವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ‘ಶಿಲ್ಪ’ ಎನ್ನಬೇಡಿ, ಅಳತೆ ಬರೆದ ಡ್ರಾಯಿಂಗ್ ಕೊಡಿ. ‘ಬೇರಿಂಗ್ ಕೈಯಲ್ಲಿ ಒತ್ತಿದರೆ ಕೂರಬೇಕು, ಸುತ್ತಿಗೆ ಬೇಡ’ ಎಂದು ಬಾಯಿಬಿಟ್ಟು ಹೇಳಿ. ಸುತ್ತಿಗೆ ಏಟು ಬಿದ್ದ ಬೇರಿಂಗ್ ತಿರುಗುವಾಗ ಗರಗರ ಎನ್ನುತ್ತದೆ, ಎಳೆಗಾಳಿಗೆ ಅಲ್ಲಲ್ಲೇ ತಡೆದು ನಿಲ್ಲುತ್ತದೆ.

ಗಾಳಿಯ ಬಲದ ಬಗ್ಗೆ ಒಂದು ಎಚ್ಚರಿಕೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಎದುರು ನಿಂತ ಕಾಲು ಚದರ ಮೀಟರ್ ತಗಡಿನ ಮೇಲೆ ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಸುಮಾರು 2 ಕಿಲೋ ಭಾರದಷ್ಟು ತಳ್ಳುತ್ತದೆ, 20 ಮೀಟರಿನ ಗಾಳಿ ಏಳು ಕಿಲೋ ದಾಟಿಸುತ್ತದೆ. ಜುಲೈಯಲ್ಲಿ ಸಿಲ್ವರ್ ಓಕ್ ಕೊಂಬೆ ಮುರಿಯುವ ದಿನಕ್ಕೆ ಲೆಕ್ಕ ಹಾಕಿ ಕಂಬ ನಿಲ್ಲಿಸಿ, ಫೆಬ್ರವರಿಯ ಗಾಳಿಗೆ ಅಲ್ಲ. ಎರಡು ಅಲಗು ಇಡುವುದಾದರೆ ಒಂದರ ಮುಂದೆ ಇನ್ನೊಂದು, ಬಗ್ಗಿದರೂ ತಾಗದಷ್ಟು ಅಂತರದಲ್ಲಿ. ಆನೆ ಓಡಾಡುವ ತೋಟದಂಚಿನಲ್ಲಿ ಮಿನುಗಿ ಅಲುಗಾಡುವ ವಸ್ತು ಇಡಲೇಬೇಡಿ, ಮನೆಯ ಅಂಗಳದೊಳಗೇ ಇರಲಿ.

ಮಳೆಯಿಂದ ಕೆಡುವುದು ಹೇಗೆ ಎಂದು ಹೇಳಿಬಿಡುತ್ತೇನೆ. ಅಲ್ಯೂಮಿನಿಯಂಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಬೋಲ್ಟು ನೇರವಾಗಿ ತಾಗಿ ಒದ್ದೆಯಾಗಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ, ನಡುವೆ ನೈಲಾನ್ ವಾಷರ್ ಹಾಕಿ. ಕೊಡಗಿನ ಮಳೆಗೆ 304 ದರ್ಜೆಯ ಸ್ಟೇನ್‌ಲೆಸ್ ಸಾಕು, ಮಂಗಳೂರಿನ ಉಪ್ಪುಗಾಳಿಗೆ 316 ಬೇಕು. ಆದರೆ ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಡಿಸ್ಕನ್ನೇ ಸ್ಟೇನ್‌ಲೆಸ್ಸಿಗೂ ಬಳಸಿದರೆ ಕಬ್ಬಿಣದ ಕಣ ಅಂಟಿ ಕಂದು ಕಲೆ ಏಳುತ್ತದೆ. ಹೊಸ ಡಿಸ್ಕ್ ನೀವೇ ಒಯ್ಯಿರಿ. ತೂಗುಹಾಕುವ ಕೃತಿಗೆ ಹತ್ತಿ ದಾರ ಬೇಡ, ಕೊಳೆಯುತ್ತದೆ. ನೈಲಾನ್ ಎಳೆ ಬಿಸಿಲಿಗೆ ಹಾಳಾಗುತ್ತದೆ, 1 ಮಿ.ಮೀ. ಸ್ಟೇನ್‌ಲೆಸ್ ಹಗ್ಗವೇ ಸರಿ. ಟೊಳ್ಳು ಪೈಪಿನ ಬಾಯಿ ಮುಚ್ಚದಿದ್ದರೆ ಕಣಜ ಗೂಡು ಕಟ್ಟಿ ಸಮತೋಲ ಕೆಡಿಸುತ್ತದೆ. ಎಲ್ಲಕ್ಕಿಂತ ಹೆಚ್ಚು ಸಲ ಚಲನೆ ನಿಲ್ಲಿಸುವುದು ಜೇಡ. ಒಂದೇ ರಾತ್ರಿ ಅಲಗಿನಿಂದ ಕಂಬಕ್ಕೆ ನಾಲ್ಕು ಎಳೆ ಎಳೆದರೆ 8 ಸೆಕೆಂಡಿನ ಅಲಗಿಗೆ ಅಷ್ಟೇ ಸಾಕು. ವಾರಕ್ಕೊಮ್ಮೆ ಮೆತ್ತನೆ ಪೊರಕೆ ಆಡಿಸಲು ಮನೆಯವರಿಗೆ ತೋರಿಸಿಕೊಡಿ. ಸೀಸ ಮಾತ್ರ ಮನೆಯಲ್ಲಿ ಕರಗಿಸಬೇಡಿ, ಹೊಗೆ ವಿಷ. ಗುಂಡುಗಳನ್ನು ಬಾಲದೊಳಗೆ ಹಾಕಿ ಎಪಾಕ್ಸಿ ಅಂಟಿನಿಂದ ಮುಚ್ಚಿ, ಕೈ ತೊಳೆಯಿರಿ.

ಮೋಟಾರಿನಿಂದ ಚಲಿಸುವ ಕೃತಿಗಳ ಪರಂಪರೆಯೂ ದೊಡ್ಡದೇ. ರಷ್ಯಾದ ಶಿಲ್ಪಿ ನೌಮ್ ಗಾಬೊ 1920ರ ಹೊತ್ತಿಗೆ ಒಂದು ಉಕ್ಕಿನ ಕಡ್ಡಿಯನ್ನು ಮೋಟಾರಿನಿಂದ ಕಂಪಿಸಿ ಗಾಳಿಯಲ್ಲಿ ಅಲೆಯ ಆಕಾರ ನಿಲ್ಲಿಸಿದ್ದರು. ಬ್ರೆಜಿಲ್‌ನ ಅಬ್ರಹಾಂ ಪಲಾತ್ನಿಕ್ 1951ರ ಸಾವೊ ಪಾವ್ಲೊ ಬಿನಾಲೆ ಕಲಾಪ್ರದರ್ಶನದಲ್ಲಿ ಬೆಳಕು-ಮೋಟಾರಿನ ಪೆಟ್ಟಿಗೆ ಇಟ್ಟಾಗ ಅದನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂದು ತೀರ್ಪುಗಾರರಿಗೇ ತಿಳಿಯಲಿಲ್ಲ. ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಮೊದಲ ಕೃತಿಗೆ ಗಾಳಿಯೇ ವಾಸಿ.

ಮೋಟಾರೂ ಇಲ್ಲದೆ, ಗಾಳಿಯೂ ಇಲ್ಲದೆ, ನೋಡುವವರ ನಡಿಗೆಯಿಂದಲೇ ಚಲನೆ ಹುಟ್ಟಿಸುವ ದಾರಿಯೂ ಇದೆ. ಸೋಟೊ ಅವರ ದಾರಿ ಅದು. ನಿಮ್ಮ ಗೆರೆಯ ಕೈಗೆ ಕೂಡಲೇ ಒಲಿಯುವಂಥದ್ದು, ಶಾಲೆಯ ಮಕ್ಕಳ ಜೊತೆಯೂ ಮಾಡಬಹುದು. ಬಿಳಿ ಹಲಗೆಯ ಮೇಲೆ 4.2 ಮಿ.ಮೀ.ಗೆ ಒಂದರಂತೆ ಕಪ್ಪು ಗೆರೆ, ಅದರ ಮುಂದೆ 5 ಸೆಂ.ಮೀ. ಬಿಟ್ಟು 3 ಮಿ.ಮೀ. ಅಕ್ರಿಲಿಕ್ ಹಾಳೆ, ಅದರ ಮೇಲೆ 4 ಮಿ.ಮೀ.ಗೆ ಒಂದರಂತೆ ಗೆರೆ. ಹಾಳೆಯನ್ನು ಹಲಗೆಗೆ ತಾಗಿಸಿಟ್ಟರೆ 84 ಮಿ.ಮೀ. ಅಗಲದ ನೆರಳುಪಟ್ಟಿಗಳು ಕಾಣುತ್ತವೆ. 5 ಸೆಂ.ಮೀ. ಅಂತರ ಕೊಟ್ಟು 4 ಮೀಟರ್ ದೂರದಿಂದ ನೋಡಿದರೆ ಪಟ್ಟಿ ಸುಮಾರು 11 ಸೆಂ.ಮೀ., 2 ಮೀಟರಿಗೆ ಬಂದರೆ 16 ಸೆಂ.ಮೀ. ದಾಟುತ್ತದೆ, ಒಂದು ಮೀಟರಿನ ಹತ್ತಿರ ಬಂದಾಗ ಹಿಗ್ಗಿ ಹಿಗ್ಗಿ ಪಟ್ಟಿಯೇ ಇಲ್ಲವಾಗುತ್ತದೆ. ಹಿಂದಿನ ಗೆರೆಗಳು ದೂರದಲ್ಲಿರುವುದರಿಂದ ಕಣ್ಣಿಗೆ ಕಿರಿದಾಗಿ ಕಂಡು, ಆ ದೂರದಲ್ಲಿ ಮುಂದಿನ ಗೆರೆಗಳಿಗೆ ಸರಿಸಮ ಆಗುತ್ತವೆ. ಪಕ್ಕಕ್ಕೆ ಹೆಜ್ಜೆ ಇಟ್ಟರೆ ಪಟ್ಟಿಗಳೂ ಸರಿಯುತ್ತವೆ. ಇಲ್ಲಿ ತಪ್ಪುವುದು ಗೆರೆಯ ಅಳತೆ. ತಾಗಿಸಿಟ್ಟಾಗ ಒಂದು ಗೆರೆಯ 0.2 ಮಿ.ಮೀ. ತಪ್ಪು 21 ಪಟ್ಟು ಹಿಗ್ಗಿ 4 ಮಿ.ಮೀ. ಡೊಂಕಾಗಿ ಕಾಣುತ್ತದೆ. ಸ್ಕೇಲನ್ನು ಗೆರೆಯಿಂದ ಗೆರೆಗೆ ಸರಿಸುತ್ತ ಅಳೆಯಬೇಡಿ, ತಪ್ಪು ಕೂಡುತ್ತಾ ಹೋಗುತ್ತದೆ. ಎಲ್ಲ ಗುರುತುಗಳನ್ನೂ ಒಂದೇ ತುದಿಯಿಂದ ಅಳೆದು ಹಾಕಿ. ಈ ಶಿಸ್ತು ಬೇಕಿದ್ದರೆ ಬರೋಡಾದಲ್ಲಿ ಪಾಠ ಮಾಡುತ್ತಿದ್ದ ಕಲಾವಿದೆ ನಸ್ರೀನ್ ಮೊಹಮದಿಯವರ ಪೆನ್ಸಿಲು-ಇಂಕಿನ ಗೆರೆಗಳನ್ನು ನೋಡಿ. ವಾಸ್ತುಶಿಲ್ಪಿಗಳ ಡ್ರಾಯಿಂಗ್ ಸಲಕರಣೆ ಹಿಡಿದು ಅಷ್ಟು ನಿರ್ಮಲವಾದ ಗೆರೆ ನಮ್ಮ ದೇಶದಲ್ಲಿ ಇನ್ನೊಬ್ಬರು ಎಳೆದಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಹೋಂಸ್ಟೇಯವರ ಕೆಲಸ. ಬೆಲೆ ಹೇಳುವ ಮೊದಲು ಆರು ಲೆಕ್ಕ ಬರೆದುಕೊಳ್ಳಿ: ಸಾಮಾನು, ವರ್ಕ್‌ಶಾಪ್ ಕೂಲಿ, ನಿಮ್ಮ ದಿನಗಳು, ಸಾಗಾಟ, ಅಡಿಪಾಯ ಮತ್ತು ನಿಲ್ಲಿಸುವ ಖರ್ಚು, ಎರಡು ವರ್ಷದ ನಿರ್ವಹಣೆ. ಕೊನೆಯದನ್ನೇ ಎಲ್ಲರೂ ಮರೆಯುವುದು. ಅರ್ಧ ಹಣ ಮುಂಗಡ ತೆಗೆದುಕೊಳ್ಳಿ. ಬಾಕಿಯಲ್ಲಿ ಒಂದು ಪಾಲು ನಿಲ್ಲಿಸಿದ ದಿನ, ಉಳಿದದ್ದು ಒಂದು ಮಳೆಗಾಲ ಕಳೆದ ಮೇಲೆ. ಹೀಗೆ ಹೇಳಿದರೆ ಕೇಳುವವರಿಗೂ ಧೈರ್ಯ ಬರುತ್ತದೆ. ಯಾವ ಬೇರಿಂಗ್, ಎಷ್ಟು ಗ್ರಾಂ ಸೀಸ, ಎಷ್ಟು ಸೆಕೆಂಡ್ ಎಂದು ಒಂದು ಹಾಳೆಯಲ್ಲಿ ಬರೆದು ಅವರಿಗೊಂದು ಪ್ರತಿ, ನಿಮಗೊಂದು. ಹತ್ತು ವರ್ಷದ ಮೇಲೆ ಯಾರೋ ಒಬ್ಬರು ಬೇರಿಂಗ್ ಬದಲಿಸಬೇಕಾದಾಗ ಆ ಹಾಳೆಯೇ ನಿಮ್ಮ ಕೃತಿಯನ್ನು ಕಾಯುತ್ತದೆ. ಫೋಟೋ ಜೊತೆಗೆ ಅರ್ಧ ನಿಮಿಷದ ವಿಡಿಯೋ ತಪ್ಪದೆ ಮಾಡಿ, ಕ್ಯಾಮೆರಾ ಅಲ್ಲಾಡದಂತೆ ಸ್ಟ್ಯಾಂಡ್ ಮೇಲಿಟ್ಟು. ಕರ್ನಾಟಕ ಲಲಿತಕಲಾ ಅಕಾಡೆಮಿಯ ಪ್ರದರ್ಶನಕ್ಕೆ ಕಳಿಸುವಾಗ, ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಲ್ಲಿ ಜನ ಕೇಳಿದಾಗ, ವಾಸ್ತುಶಿಲ್ಪಿಗಳಿಗೆ ತೋರಿಸುವಾಗ ಅದೇ ಬೇಕಾಗುವುದು. ಬೆಂಗಳೂರಿನ ನಂಟು ವರ್ಷಕ್ಕೆ ಅಷ್ಟಿದ್ದರೆ ಸಾಕು. ಮೈಸೂರಿನ ಕಲಾ ಕಾಲೇಜು ಕಾವಾದ ಶಿಲ್ಪ ವಿಭಾಗಕ್ಕೂ ಒಮ್ಮೆ ಹೋಗಿ ಬನ್ನಿ, ಲೋಹದ ಕೆಲಸ ಕಣ್ಣಾರೆ ನೋಡಿದರೆ ಅರ್ಧ ಅನುಮಾನ ಕಳೆಯುತ್ತದೆ.

ಒಂದೇ ಒಂದು ಷರತ್ತು: ಮೊದಲ ಅಲಗು ಹೋಂಸ್ಟೇಗೆ ಹೋಗಬಾರದು. ಮೇ ಕೊನೆಯಲ್ಲಿ ನಿಮ್ಮದೇ ಅಂಗಳದಲ್ಲಿ ನಿಲ್ಲಿಸಿ. ಜೂನ್, ಜುಲೈ, ಆಗಸ್ಟ್ ವಾರಕ್ಕೊಮ್ಮೆ ವಾಚ್ ಹಿಡಿದು ಹತ್ತು ತೂಗಾಟಕ್ಕೆ ಎಷ್ಟು ಸೆಕೆಂಡ್ ಎಂದು ಬರೆಯಿರಿ. ತೂಗಾಟದ ಕಾಲ ಹಾಗೇ ಇದ್ದು ಬೇಗ ಬೇಗ ನಿಂತುಬಿಡುತ್ತಿದ್ದರೆ ತೊಂದರೆ ಬೇರಿಂಗಿನದು. ಕಾಲವೇ ಬದಲಾಗುತ್ತಿದ್ದರೆ ಎಲ್ಲೋ ನೀರೋ ಕೊಳೆಯೋ ಸೇರಿ ಭಾರ ಬದಲಾಗಿದೆ. ಸೆಪ್ಟೆಂಬರ್ ಕೊನೆಗೆ ಬಿಚ್ಚಿ ಅಚ್ಚನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಬರೀ ಎಣ್ಣೆಯ ಕಪ್ಪು ಬಂದರೆ ಹೋಂಸ್ಟೇಯವರಿಗೆ ಫೋನ್ ಮಾಡಿ. ಕೆಂಪು ಬಂದರೆ ಮುಚ್ಚಳದ ಆಕಾರ ಬದಲಿಸಿ ಇನ್ನೊಂದು ಮಾಡಿ.